ವಿಮಾನ ಬಂದಾಗ ನಿಂತುಹೋದ ಹುಡುಗಿಯರು

ಖೋ ಖೋ ಆಟದಲ್ಲಿ ನಿಂತವರು ಕೆಟ್ಟರು. ಅಂಥ ಆಟದ ನಟ್ಟನಡುವೆ ನಮ್ಮ ಶಾಲೆಯ ಹುಡುಗಿಯರು, ಕೂತವರು ಕೂತಲ್ಲೇ, ಓಡುತ್ತಿದ್ದವಳು ಓಡುತ್ತಿದ್ದಲ್ಲೇ ನಿಂತುಬಿಟ್ಟದ್ದನ್ನು ಯಲಹಂಕದ ಒಂದು ಶಾಲೆಯ ಮೈದಾನದಲ್ಲಿ ನಾನು ಕಣ್ಣಾರೆ ಕಂಡೆ. ವಾಯುನೆಲೆಯಿಂದ ಎದ್ದ ವಿಮಾನವೊಂದು ನೆತ್ತಿಯ ಮೇಲೆ ಹಾದುಹೋಗುತ್ತಿತ್ತು. ಕಿವಿ ಗಡಚಿಕ್ಕುವ ಸದ್ದು. ಆದರೆ ಹುಡುಗಿಯರು ನೋಡುತ್ತಿದ್ದದ್ದು ವಿಮಾನವನ್ನಲ್ಲ, ನನ್ನ ಬಾಯನ್ನು. ನಾನು ಗೆರೆಯ ಹೊರಗೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದೆ, ಒಂದಕ್ಷರವೂ ಅವರಿಗೆ ತಲುಪುತ್ತಿರಲಿಲ್ಲ. ಎದುರಾಳಿ ತಂಡದ ಓಟಗಾರ್ತಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಆರಾಮಾಗಿ ದಣಿವಾರಿಸಿಕೊಂಡಳು. ವಿಮಾನ ದೂರ ಹೋಯಿತು, ನನ್ನ ದನಿ ಕೇಳಿಸಿತು, ನಮ್ಮವರು ಮತ್ತೆ ಓಡತೊಡಗಿದರು. ಆ ಅಭ್ಯಾಸ ಪಂದ್ಯ ಸೋತೆವು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಎರಡು ಕಂಬಗಳ ನಡುವೆ ಒಂದೇ ಸಾಲಿನಲ್ಲಿ ಎಂಟು ಹುಡುಗಿಯರು ಕುಕ್ಕರಗಾಲಲ್ಲಿ ಕೂರುತ್ತಾರೆ, ಒಬ್ಬಳ ಮುಖ ಈಚೆಗೆ, ಪಕ್ಕದವಳದು ಆಚೆಗೆ. ಒಂಬತ್ತನೆಯವಳು ಎದುರಾಳಿಗಳನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ಅವಳು ಸಾಲನ್ನು ದಾಟುವಂತಿಲ್ಲ, ನಡುದಾರಿಯಲ್ಲಿ ಹಿಂದಿರುಗುವಂತಿಲ್ಲ. ಹಾಗಾಗಿ ಕೂತವಳ ಬೆನ್ನು ತಟ್ಟಿ ‘ಖೋ’ ಅನ್ನಬೇಕು, ಆಗ ಅವಳೆದ್ದು ಓಡಬೇಕು, ಇವಳು ಅಲ್ಲಿ ಕೂರಬೇಕು. ಎದುರಾಳಿಗಳು ಮೂರು ಮೂರು ಜನರಾಗಿ ಒಳಗೆ ಬಂದು, ಸಾಲಿನ ಸಂದುಗಳಲ್ಲಿ ನುಸುಳಿ ತಪ್ಪಿಸಿಕೊಂಡು ಓಡುತ್ತಾರೆ. ಮುಟ್ಟಿಸಿಕೊಂಡವರು ಔಟ್, ಅಟ್ಟಿದವರಿಗೆ ಒಂದು ಅಂಕ. ಪಾಳಿಯ ಹೊತ್ತು ಮುಗಿದ ಮೇಲೆ ಇವರು ಓಡುವ ಸರದಿ, ಅವರು ಅಟ್ಟುವ ಸರದಿ. ಯಾರಿಗೆ ಖೋ ಕೊಡಬೇಕು, ಯಾವ ಮೂವರನ್ನು ಮೊದಲು ಓಡಿಸಬೇಕು ಅನ್ನುವುದರ ಮೇಲೆ ಇಡೀ ಆಟ ನಿಂತಿದೆ.

ನಮ್ಮ ತಂಡದಲ್ಲಿ ಅದೆಲ್ಲವೂ ನನ್ನ ಗಂಟಲಿನಿಂದಲೇ ಆಗುತ್ತಿತ್ತು. “ನಾಲ್ಕಕ್ಕೆ ಕೊಡೇ! ಕಂಬಕ್ಕೆ ಹೋಗೇ! ಏಳೇ, ಏಳೇ!” ನಾನು ಹೆಬ್ಬಾಳದ ಹಳೇ ಊರಿನವಳು. ನಮ್ಮಜ್ಜಿ ಮನೆ ಮುಂದೆ ನಿಂತು ಕೂಗಿದರೆ ಕೆರೆ ಏರಿ ಮೇಲಿದ್ದ ಹಸು ತಿರುಗಿ ನೋಡುತ್ತಿತ್ತಂತೆ. ಆ ಗಂಟಲು ಬಳುವಳಿಯಾಗಿ ನನಗೆ ಬಂದಿದೆ. ಆರ್.ಟಿ. ನಗರದ ನಮ್ಮ ಶಾಲೆಯಲ್ಲಿ ಪಿ.ಟಿ. ಮಿಸ್ ಅಂದರೆ ದನಿ, ದನಿ ಅಂದರೆ ಪಿ.ಟಿ. ಮಿಸ್.

ಆ ದಿನ ಯಲಹಂಕದಿಂದ ವಾಪಸ್ ಬರುವಾಗ ಏರ್‌ಪೋರ್ಟ್ ರಸ್ತೆಯಲ್ಲಿ ಮೇಲ್ಸೇತುವೆಯ ಕೆಲಸ ನಡೆಯುತ್ತಿತ್ತು, ಬಸ್ಸು ಹೆಬ್ಬಾಳದ ಹತ್ತಿರ ಕದಲದೆ ನಿಂತಿತು. ನಾನು ಉರಿಯುತ್ತಿದ್ದೆ.

“ಯಾಕ್ರೇ ನಿಂತ್ಕೊಂಡ್ರಿ? ಮಂಕು ಬಡಿದಿತ್ತಾ?”

ಕ್ಯಾಪ್ಟನ್ ತಲೆ ತಗ್ಗಿಸಿದಳು. “ನೀವು ಕೂಗಿದ್ದು ಕೇಳಿಸ್ಲಿಲ್ಲ ಮಿಸ್.”

“ವಿಮಾನಕ್ಕೆ ನಾನೇನ್ ಮಾಡ್ಲೇ?”

ಹಿಂದಿನ ಸೀಟಿನಿಂದ ಕುಳ್ಳಿ ಬಾಯಿ ಹಾಕಿದಳು. ಅವಳಿಗೊಂದು ಹೆಸರಿತ್ತು, ಯಾರೂ ಅದರಿಂದ ಕರೆಯುತ್ತಿರಲಿಲ್ಲ, ಅವಳೂ ಬೇಸರಿಸುತ್ತಿರಲಿಲ್ಲ. “ಇನ್ನೊಂಚೂರು ಜೋರಾಗಿ ಕೂಗ್ಬಹುದಿತ್ತು ಮಿಸ್.”

ನನ್ನ ಬುದ್ಧಿಗಿಷ್ಟು! ಅವಳ ಮಾತೇ ಸರಿ ಅನ್ನಿಸಿತು. ಮಾರನೆಯ ದಿನ ಸ್ವಾತಂತ್ರ್ಯ ದಿನಾಚರಣೆಗೆ ಬಳಸುವ ಕೈ ಮೈಕನ್ನು ಶಾಲೆಯ ಬೀರುವಿನಿಂದ ತೆಗೆದುಕೊಂಡು ಮೈದಾನಕ್ಕಿಳಿದೆ. ಎಂಟನೇ ಕ್ಲಾಸಿನ ಮಕ್ಕಳು ಪಾಠ ಬಿಟ್ಟು ಕಿಟಕಿಗೆ ಜೋತುಬಿದ್ದರು, ಹೆಡ್ ಮೇಡಂ ಮೆಟ್ಟಿಲಿಳಿದು ಬಂದು ಮೈಕು ಕಿತ್ತುಕೊಂಡರು. “ಅಲ್ಲಾರೀ, ಪಂದ್ಯದಲ್ಲಿ ಇದನ್ನ ಹಿಡ್ಕೊಳ್ಳೋಕೆ ಬಿಡ್ತಾರಾ ಅಂತ ಯೋಚನೆ ಮಾಡಿದ್ರಾ?” ಅಂದರು. ಮಾಡಿರಲಿಲ್ಲ. ಹಾಗೆ ನೋಡಿದರೆ ಹೊರಗಿನಿಂದ ಕೂಗಿ ಹೇಳಿಕೊಡುವುದಕ್ಕೇ ನಿಯಮದಲ್ಲಿ ಅವಕಾಶವಿಲ್ಲ. ಎಲ್ಲರೂ ಕೂಗುತ್ತಾರೆ, ಅಂಪೈರು ಕಂಡೂ ಕಾಣದಂತಿರುತ್ತಾರೆ, ಅಷ್ಟೆ.

ಜಿಲ್ಲಾ ಮಟ್ಟದ ಪಂದ್ಯಗಳು ನಡೆಯುವುದು ಅದೇ ಯಲಹಂಕದ ಮೈದಾನದಲ್ಲಿ ಎಂದು ಆ ವಾರವೇ ಗೊತ್ತಾಯಿತು. ಅದೇ ವಾರ ಕ್ಯಾಪ್ಟನ್‌ಳ ತಾಯಿ ನನ್ನನ್ನು ರಸ್ತೆಯಲ್ಲಿ ತಡೆದರು. ಶಾಲೆಯ ಹಿಂದಿನ ಬೀದಿಯಲ್ಲಿ ಅವರದು ಇಸ್ತ್ರಿ ಗಾಡಿ. ಪೆಟ್ಟಿಗೆಗೆ ಕೆಂಡ ತುಂಬುತ್ತ ನಿಂತಿದ್ದವರು ಇಕ್ಕಳವನ್ನು ಕೆಳಗಿಟ್ಟರು.

“ಮಿಸ್, ಒಂದ್ ಮಾತ್ ಏಳ್ತೀನಿ, ಬೇಜಾರ್ ಮಾಡ್ಕೊಬ್ಯಾಡಿ. ಯಸವಂತಪುರದ ತಾವ ಒಂದು ಕಾಲೇಜೈತಂತೆ. ಜಿಲ್ಲೇಲಿ ಗೆದ್ದಿರೋ ಮಕ್ಕಳ್ಗೆ ಆಟದ ಸೀಟು ಕೊಡ್ತಾರಂತೆ, ಫೀಸಿಲ್ಲ. ಅದಾದ್ರೆ ಓದ್ಲಿ. ಆಗ್ನಿಲ್ಲ ಅಂದ್ರೆ ನಮ್ ಕೈಲಾಗಕಿಲ್ಲ, ಅವ್ಳೂ ಇಂಗೇ ನನ್ ಪಕ್ಕ ನಿಂತ್ಕೊಬೇಕು. ಅವರಪ್ಪ ಆಗ್ಲೇ ಇನ್ನೊಂದು ಗಾಡಿ ನೋಡವ್ನೆ.”

“ಗೆಲ್ತೀವಿ ಬಿಡಮ್ಮ” ಅಂದೆ.  ಹುಡುಗಿ ಹತ್ತನೇ ಕ್ಲಾಸು. ಅವಳಿಗೆ ಇನ್ನೊಂದು ವರ್ಷವಿರಲಿಲ್ಲ.

ಗೆಲ್ಲಬೇಕಾದರೆ ವಿಮಾನ ಬಂದಾಗಲೂ ಆಡಬೇಕು. ವಿಮಾನ ಬಂದಾಗ ಆಡಬೇಕಾದರೆ ನನ್ನ ದನಿಯಿಲ್ಲದೆ ಆಡಲು ಕಲಿಯಬೇಕು. ಇಷ್ಟು ಲೆಕ್ಕ ತಲೆಗೆ ಹೊಳೆಯಿತು, ಮಾಡುವುದು ಹೇಗೆಂದು ಹೊಳೆಯಲಿಲ್ಲ. ಮೊದಲ ಉಪಾಯವಾಗಿ ನಾಲಿಗೆಯ ಕೆಳಗೆ ಲವಂಗವೊಂದನ್ನು ಇಟ್ಟುಕೊಂಡು ಬೇವಿನಮರದ ಕಟ್ಟೆ ಮೇಲೆ ಕೂತೆ. ಬಾಯಿ ತೆರೆಯಬೇಕೆನಿಸಿದಾಗಲೆಲ್ಲ ಲವಂಗ ಕಚ್ಚುವುದು. ಕಣ್ಣೀರು ಬರುವಷ್ಟು ಕಚ್ಚಿದೆ. ಪ್ರಯೋಜನವಾಗಲಿಲ್ಲ, ಏಕೆಂದರೆ ನಾನು ಕೂಗದಿದ್ದರೆ ಹುಡುಗಿಯರು ನನ್ನ ಮುಖ ನೋಡುತ್ತಿದ್ದರು. ನನ್ನ ಹುಬ್ಬು ಗಂಟಿಕ್ಕಿದರೆ ಖೋ ಕೊಡುತ್ತಿದ್ದರು, ನಾನು ಕೈ ಕೊಡವಿದರೆ ಎದ್ದುಬಿಡುತ್ತಿದ್ದರು.

ಆಮೇಲೆ ಬೆನ್ನು ತಿರುಗಿಸಿ ಕಾಂಪೌಂಡ್ ಗೋಡೆ ನೋಡುತ್ತ ಕೂತೆ. ಗೋಡೆಯ ಮೇಲೆ ‘ಇಲ್ಲಿ ಮೂತ್ರ ಮಾಡಬಾರದು’ ಎಂದಿತ್ತು. ಅದನ್ನೇ ಓದುತ್ತ ಹಿಂದಿನ ಆಟವನ್ನು ಕಿವಿಯಿಂದ ಮಾತ್ರ ಹಿಂಬಾಲಿಸಿದೆ. ಕಾಲಿನ ಸದ್ದು, ಉಸಿರಿನ ಸದ್ದು, ಆಮೇಲೆ ಜಗಳ. “ನನಗ್ಯಾಕೆ ಕೊಟ್ಟೆ?” “ನೀನ್ಯಾಕೆ ಮೊದ್ಲೇ ಎದ್ದೆ?” “ಹೋಗೇ, ದೊಡ್ಡದಾಗಿ ಹೇಳೋಕ್ ಬಂದ್ಲು!” ಕುಳ್ಳಿಯ ದನಿ ಎಲ್ಲದರ ಮೇಲೆ. ಒಂದು ದನಿ ಮಾತ್ರ ಇಡೀ ಸಂಜೆ ನನಗೆ ಕೇಳಿಸಲಿಲ್ಲ, ಕ್ಯಾಪ್ಟನ್‌ಳದು.

ಅವಳನ್ನು ಕ್ಯಾಪ್ಟನ್ ಮಾಡಿದವಳು ನಾನೇ. ನಮ್ಮ ಶಾಲೆಗಳಲ್ಲಿ ಚೆನ್ನಾಗಿ ಓಡುವವಳೇ ಕ್ಯಾಪ್ಟನ್, ಅದೊಂದು ಪದ್ಧತಿ. ಎದುರು ಮಾತಾಡದವಳಾದರೆ ಇನ್ನೂ ಒಳ್ಳೆಯದು. ಇವಳು ಎರಡೂ ಆಗಿದ್ದಳು. ಟಾಸ್ ಹಾಕುವುದು, ಪ್ರಶಸ್ತಿ ಕೊಡುವಾಗ ಮುಂದೆ ನಿಲ್ಲುವುದು, ಅಷ್ಟು ಬಿಟ್ಟರೆ ಕ್ಯಾಪ್ಟನ್‌ಗೆ ಕೆಲಸವೇ ಇರಲಿಲ್ಲ. ಟಾಸ್ ಗೆದ್ದರೆ ಏನು ಕೇಳಬೇಕೆಂದು ಕೂಡ ನನ್ನನ್ನೇ ನೋಡುತ್ತಿದ್ದಳು.

ಎರಡನೆಯ ಸಂಜೆ ಅವಳು ಗೋಡೆಯ ಹತ್ತಿರ ಬಂದು ನಿಂತು ಅತ್ತಳು.

“ನನ್ನಿಂದ ಆಗಲ್ಲ ಮಿಸ್. ಬೇರೆ ಯಾರನ್ನಾದ್ರೂ ಕ್ಯಾಪ್ಟನ್ ಮಾಡಿ.”

“ಓಡೋಕಾಗತ್ತೆ, ಬಾಯ್ ಬಿಡೋಕಾಗಲ್ವಾ?”

“ಹೇಳಿದ್ದು ತಪ್ಪಾದ್ರೆ?”

“ತಪ್ಪಾದ್ರೆ ಏನಾಗತ್ತೆ?”

ಅವಳು ಮೂಗು ಒರೆಸಿಕೊಂಡಳು. “ನೀವು ಬೈತೀರ.”

 ಇನ್ನೂ ಬಾಯಲ್ಲಿದ್ದ ಲವಂಗ ಉಗಿದೆ. ಕುಳ್ಳಿಯನ್ನು ಕ್ಯಾಪ್ಟನ್ ಮಾಡಿಬಿಡೋಣ ಎಂದು ಆ ಗಳಿಗೆಯಲ್ಲಿ ನಿಜವಾಗಿಯೂ ಯೋಚಿಸಿದೆ. ಅವಳಿಗೆ ಬಾಯಿದೆ. ಆದರೆ ಅವಳು ಹೇಳಿದ್ದನ್ನು ಉಳಿದವರು ಬೇಕೆಂದೇ ಮಾಡುತ್ತಿರಲಿಲ್ಲ. ನನ್ನದೇ ಸಣ್ಣ ಪ್ರತಿ ಅವಳು. ಒಂದು ಮೈದಾನಕ್ಕೆ ಅಂಥವರು ಒಬ್ಬರು ಸಾಕು.

ಮಾರನೆಯ ದಿನ ಎಲ್ಲರನ್ನೂ ಕಟ್ಟೆಯ ಸುತ್ತ ಕೂರಿಸಿ ಹೊಸ ಕಾನೂನು ಹೇಳಿದೆ. ಕ್ಯಾಪ್ಟನ್ ಹೇಳಿದ್ದನ್ನು ಮಾಡಿ ಕೆಟ್ಟರೆ ಯಾರಿಗೂ ಬೈಗುಳವಿಲ್ಲ. ಕ್ಯಾಪ್ಟನ್ ಏನೂ ಹೇಳದೆ ಕೆಟ್ಟರೆ ಅವಳು ಮೈದಾನಕ್ಕೆ ಒಂದು ಸುತ್ತು ಓಡಬೇಕು. ಅವಳ ಮಾತಿಗೆ ನಡುವೆ ಎದುರು ಮಾತಾಡಿದವರು ಒಂದು ಸುತ್ತು. ನೀರು ಕುಡಿಯುವುದರಿಂದ ಹಿಡಿದು ಯಾವ ಮೂವರು ಮೊದಲು ಓಡಬೇಕು ಅನ್ನುವವರೆಗೆ ಅವಳದೇ ತೀರ್ಮಾನ.

“ಮತ್ತೆ ನೀವು ಕೂಗಿದ್ರೆ?” ಕುಳ್ಳಿ ಕೇಳಿದಳು.

“ನಾನೂ ಒಂದು ಸುತ್ತು.”

ಅಬ್ಬಾ, ಆ ಹುಡುಗಿಯರ ಮುಖ ನೋಡಬೇಕಿತ್ತು! ಅವತ್ತು ಸಂಜೆ ನಾನು ಓಡಿದಷ್ಟು ಅವರೂ ಓಡಲಿಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು, ಮಂಡಿ ಹಿಡಿದುಕೊಂಡು, ಏದುಸಿರು ಬಿಡುತ್ತ. ಗೇಟಿನ ಹತ್ತಿರದ ಕಬ್ಬಿನಹಾಲಿನವನು ಗ್ಲಾಸು ತೊಳೆಯುವುದನ್ನು ಬಿಟ್ಟು ನೋಡಿದ. ಮಾರನೆಯ ದಿನದಿಂದ ಚೂಡಿದಾರ ಹಾಕಿಕೊಂಡು ಬಂದೆ.

ಕ್ಯಾಪ್ಟನ್‌ಳ ಬಾಯಿ ಮೆಲ್ಲಗೆ ಬಿಚ್ಚಿತು. ಮೊದಲು ಹೆಸರುಗಳು, ಬರೀ ಹೆಸರುಗಳು. ಆಮೇಲೆ “ಎಡಕ್ಕೆ”, “ತಡಿ”. ಕೈಸನ್ನೆಗಳೂ ಹುಟ್ಟಿದವು, ಯಾರು ಹುಟ್ಟಿಸಿದರೋ ನಾನರಿಯೆ, ಗೋಡೆ ನೋಡುತ್ತಿದ್ದವಳಿಗೆ ಹೇಗೆ ಗೊತ್ತಾಗಬೇಕು? ಎಲ್ಲ ಸಲೀಸಾಯಿತು ಅಂದುಕೊಳ್ಳುವಷ್ಟರಲ್ಲಿ ವಲಯ ಮಟ್ಟದ ಪಂದ್ಯದಲ್ಲಿ ಅವಳು ಒಂದು ಅವಾಂತರ ಮಾಡಿದಳು. ಮೊದಲ ಮೂವರಲ್ಲಿ ತನ್ನ ಜೊತೆಗೆ ತನ್ನ ಬೆಂಚಿನ ಗೆಳತಿಯರಿಬ್ಬರನ್ನು ಇಳಿಸಿದಳು. ಇಬ್ಬರೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಔಟ್. ಪಂದ್ಯವನ್ನು ಕೂದಲೆಳೆಯ ಅಂತರದಲ್ಲಿ ಗೆದ್ದೆವು. ಕುಳ್ಳಿ ಊಟದ ಡಬ್ಬಿ ಎತ್ತಿಕೊಂಡು ದೂರ ಹೋಗಿ ಕೂತಳು. “ಫ್ರೆಂಡ್ಸ್‌ಗೇ ಆಡೋ ಹಾಗಿದ್ರೆ ಅವರ ಜೊತೇನೇ ಆಡ್ಕೊಳ್ಲಿ” ಅಂದಳು.

ಬೈಗುಳ ನನ್ನ ನಾಲಿಗೆಯ ತುದಿಗೆ ಬಂದಿತ್ತು, ಉಗಿದು ಉಪ್ಪಿನಕಾಯಿ ಹಾಕುವಷ್ಟು. ಕಾನೂನು ಮಾಡಿದವಳು ನಾನೇ ಆದ್ದರಿಂದ ಕಚ್ಚಿಕೊಂಡೆ.  ಕ್ಯಾಪ್ಟನ್ ತನ್ನ ಡಬ್ಬಿಯನ್ನೂ ಎತ್ತಿಕೊಂಡು ಕುಳ್ಳಿಯ ಪಕ್ಕಕ್ಕೆ ಹೋಗಿ ಕೂತಳು.

“ನಿನಗೆ ಏನ್ ಕಾಣಿಸ್ತು ಹೇಳೇ. ಬೈಬೇಡ, ಕಂಡಿದ್ದು ಹೇಳು.”

“ನಿನ್ ಫ್ರೆಂಡ್ಸ್ ಇಬ್ರೂ ಕಂಬಕ್ಕೇ ಅಂಟ್ಕೊಂಡಿದ್ರು, ಅಷ್ಟೇ ಕಾಣ್ಸಿದ್ದು” ಎಂದಳು ಕುಳ್ಳಿ, ಬಾಯಲ್ಲಿ ಚಿತ್ರಾನ್ನ ಇಟ್ಟುಕೊಂಡೇ.

ಅಲ್ಲಿಂದ ಅದೊಂದು ರೂಢಿಯಾಯಿತು. ಪ್ರತಿ ಪಾಳಿ ಮುಗಿದ ಮೇಲೆ ಗುಂಪಾಗಿ ನಿಂತು ಒಬ್ಬೊಬ್ಬರು ಒಂದೊಂದು ಮಾತು, ಕಂಡದ್ದು ಮಾತ್ರ. ಕೇಳಿಸಿಕೊಂಡು ಕ್ಯಾಪ್ಟನ್ ತೀರ್ಮಾನ ಹೇಳುತ್ತಿದ್ದಳು. ಆ ಗುಂಪಿನ ಹತ್ತಿರಕ್ಕೆ ನಾನು ಹೋದರೆ ಮಾತು ನಿಂತುಬಿಡುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಜಿಲ್ಲಾ ಫೈನಲ್‌ಗೆ ಬಂದವರು ನಾವು ಮತ್ತು ಅದೇ ಯಲಹಂಕದ ಶಾಲೆಯವರು, ಅವರದೇ ಮೈದಾನ. ಕ್ಯಾಪ್ಟನ್‌ಳ ತಾಯಿ ಗಾಡಿ ಮುಚ್ಚಿ ಬಂದಿದ್ದರು. ಹಗ್ಗದ ಆಚೆ ಸೆರಗಿನ ಅಂಚು ಬಾಯಿಗೆ ಹಿಡಿದು ನಿಂತಿದ್ದರು. ಇವತ್ತು ಗೆದ್ದರೆ ಮಗಳಿಗೆ ಕಾಲೇಜು, ಸೋತರೆ ಗಾಡಿ. ಅಷ್ಟು ಸ್ಪಷ್ಟವಾಗಿತ್ತು.

ನಾವು ಅಟ್ಟುವ ಪಾಳಿಯಲ್ಲಿ ವಿಮಾನ ಬಂತು.  ಆ ಗದ್ದಲದಲ್ಲೇ ಕ್ಯಾಪ್ಟನ್ ಕೈಯೆತ್ತಿ ಎರಡು ಬೆರಳು ತೋರಿಸಿದಳು, ಸಾಲು ಹಾವಿನಂತೆ ಎದ್ದು ಕೂತು ಎದ್ದು ಕೂತು ಸರಿಯಿತು. ಈ ಸಲ ಗಲಿಬಿಲಿಯಾದವರು ಓಡುತ್ತಿದ್ದ ಎದುರಾಳಿಗಳು. ಒಬ್ಬಳು ಔಟ್, ಹಿಂದೆಯೇ ಇನ್ನೊಬ್ಬಳು. ಆದರೆ ಕುಣಿಯುವಷ್ಟು ಹೊತ್ತು ಇರಲಿಲ್ಲ. ಕೊನೆಯ ಪಾಳಿ ಉಳಿದಿತ್ತು. ನಾವು ಐದು ಅಂಕ ಮುಂದಿದ್ದೆವು, ಈಗ ಓಡುವ ಸರದಿ ನಮ್ಮದು. ನಮ್ಮವರು ನಾಲ್ವರು ಔಟಾದರೂ ಗೆಲುವು ನಮ್ಮದೇ. ಐದಾದರೆ ಸಮ, ಆರಾದರೆ ಸೋಲು.

ಇಂಥ ಹೊತ್ತಿನಲ್ಲಿ ಎಲ್ಲ ತಂಡಗಳೂ ಒಂದೇ ಕೆಲಸ ಮಾಡುತ್ತವೆ, ಅತ್ಯುತ್ತಮ ಮೂವರನ್ನು ಮೊದಲು ಇಳಿಸುತ್ತವೆ. ಅವರು ಎಷ್ಟು ಹೊತ್ತು ತಿನ್ನುತ್ತಾರೋ ಅಷ್ಟು ಲಾಭ. ನಮ್ಮವರು ಗುಂಪಾಗಿ ನಿಂತು ಮಾತಾಡಿದರು, ಕ್ಯಾಪ್ಟನ್ ಸ್ಕೋರರ್ ಹತ್ತಿರ ಹೋಗಿ ಹೆಸರು ಹೇಳಿ ಬಂದಳು. ಮೊದಲ ಮೂವರು ಒಳಗೆ ನಡೆದಾಗ ನನ್ನ ಜೀವ ಹಾರಿಹೋಯಿತು. ಅವರಲ್ಲಿ ಕ್ಯಾಪ್ಟನ್ ಇರಲಿಲ್ಲ, ಕುಳ್ಳಿ ಇರಲಿಲ್ಲ. ತಂಡದಲ್ಲಿ ನಿಧಾನವಾಗಿ ಓಡುವ ಮೂವರು ಇದ್ದರು!

ಸೀಟಿ ಮೊಳಗಿತು. ಯಲಹಂಕದ ಹುಡುಗಿಯರು ಬೆಂಕಿಯಂತೆ ಮೇಲೆರಗಿದರು. ಒಬ್ಬಳು ಔಟ್. ಎರಡನೆಯವಳು ಕಂಬದ ಹತ್ತಿರ ಜಾರಿದಳು, ಔಟ್. ಮೂರನೆಯವಳು ಹೇಗೋ ಸ್ವಲ್ಪ ಹೊತ್ತು ತಪ್ಪಿಸಿಕೊಂಡು ಬೆನ್ನಿಗೆ ಏಟು ತಿಂದು ಹೊರಬಂದಳು. ಮೂರು ಹೋಯಿತು, ಪಾಳಿ ಇನ್ನೂ ಅರ್ಧವೂ ಕಳೆದಿರಲಿಲ್ಲ. ಹಗ್ಗದಾಚೆ ಆ ತಾಯಿ ಕಣ್ಣು ಮುಚ್ಚಿಕೊಂಡರು.

ಎರಡನೆಯ ಮೂವರಾಗಿ ಕ್ಯಾಪ್ಟನ್, ಕುಳ್ಳಿ ಮತ್ತು ಇನ್ನೊಬ್ಬ ಗಟ್ಟಿ ಓಟಗಾರ್ತಿ ಒಳಗಿಳಿದರು. ಆ ಮೂರನೆಯವಳು ಇಳಿದ ಸ್ವಲ್ಪ ಹೊತ್ತಿಗೇ ಸಿಕ್ಕಿಬಿದ್ದಳು. ನಾಲ್ಕು. ಇನ್ನು ಒಂದೇ ಒಂದು ಹೋದರೆ ಗೆಲುವು ಕೈತಪ್ಪುತ್ತದೆ. ಕುಳ್ಳಿ ಸಾಲಿನ ಸಂದುಗಳಲ್ಲಿ ನುಸುಳುತ್ತಿದ್ದಳು, ಕ್ಯಾಪ್ಟನ್ ಕಂಬದ ಬಳಿ ಸುಮ್ಮನೆ ನಿಂತು ಅಟ್ಟುವವಳನ್ನು ನೋಡುತ್ತಿದ್ದಳು. ನಿಂತಿದ್ದಳು! ಅಟ್ಟುವವಳು ಹತ್ತಿರ ಹತ್ತಿರ ಬರುತ್ತಿದ್ದಾಳೆ, ಇವಳು ಕದಲುತ್ತಿಲ್ಲ. ನನಗೆ ತಡೆಯಲಾಗಲಿಲ್ಲ. ಕಾನೂನು, ಲವಂಗ ಎಲ್ಲ ಮರೆತು ಗೆರೆಯವರೆಗೆ ನುಗ್ಗಿ ಅಜ್ಜಿಯ ಗಂಟಲು ತೆರೆದೆ.

“ಓಡೇ—”

ಅವಳು ನನ್ನ ಕಡೆ ತಿರುಗಲೂ ಇಲ್ಲ. ಅಟ್ಟುವವಳ ಮೇಲೆ ನೆಟ್ಟ ಕಣ್ಣು ತೆಗೆಯದೆ, ನನ್ನತ್ತ ಅಂಗೈ ಚಾಚಿ, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು.

“ಸುಮ್ನಿರಿ ಮಿಸ್!”

ಜನ ಘೊಳ್ಳೆಂದು ನಕ್ಕರು. ಅಂಪೈರು “ಮೇಡಂ, ಗೆರೆ ಹಿಂದಕ್ಕೆ” ಅಂದರು. ನಾನು ಹಿಂದಕ್ಕೆ ಸರಿದೆ. ಅಟ್ಟುವವಳು ಮೈಚೆಲ್ಲಿ ಹಾರಿದಳು, ಕ್ಯಾಪ್ಟನ್ ಆ ಕ್ಷಣಕ್ಕೆ ಕಂಬದ ಆಚೆಗೆ ಜಾರಿಕೊಂಡಳು, ಕೈಗೆ ಸಿಕ್ಕಿದ್ದು ಬರೀ ಧೂಳು. ಬಿದ್ದವಳು ಏಳಲು ಹೊತ್ತು ತೆಗೆದುಕೊಂಡಳು. ಆಗ ನನಗೆ ಕಾಣಿಸಿತು, ಯಲಹಂಕದವರು ಸುಸ್ತಾಗಿದ್ದರು. ಬಾಯಿಂದ ಉಸಿರಾಡುತ್ತಿದ್ದರು, ಖೋ ತಡವಾಗುತ್ತಿತ್ತು. ಕುಳ್ಳಿ ಮತ್ತು ಕ್ಯಾಪ್ಟನ್ ತಾಜಾ ಕಾಲಲ್ಲಿ ಅವರನ್ನು ಇನ್ನಷ್ಟು ಓಡಿಸಿದರು. ಉದ್ದನೆಯ ಸೀಟಿ ಕೇಳಿಸಿದಾಗ ಇಬ್ಬರೂ ಒಳಗೇ ಇದ್ದರು. ಒಂದು ಅಂಕದಿಂದ ಗೆದ್ದೆವು.

ಗದ್ದಲ ಇಳಿದ ಮೇಲೆ ಕೇಳಿದೆ, “ಯಾರೇ ಹೇಳ್ಕೊಟ್ಟಿದ್ದು ಆ ಆರ್ಡರ್?”

“ಕುಳ್ಳಿ ಕಂಡಿದ್ದು ಹೇಳಿದ್ಲು ಮಿಸ್. ಅವರು ಶುರೂಲಿ ಬೆಂಕಿ, ಆಮೇಲೆ ಠುಸ್ ಅಂತ. ಶುರೂಲಿ ಯಾರನ್ನ ಕಳಿಸಿದ್ರೂ ಸಿಗ್ತಾರೆ, ಒಳ್ಳೇವರನ್ನ ಯಾಕೆ ಸುಡಬೇಕು ಅಂತ ನಾನು ಯೋಚನೆ ಮಾಡ್ದೆ. ಆ ಮೂವರನ್ನೂ ಕೇಳ್ದೆ, ಹೂಂ ಅಂದ್ರು.” ಆಮೇಲೆ ಒಮ್ಮೆಲೇ ಅವಳ ಮುಖ ಬಾಡಿತು. “ಸಾರಿ ಮಿಸ್. ಸುಮ್ನಿರಿ ಅಂದ್ಬಿಟ್ಟೆ.”

“ಮೈದಾನಕ್ಕೆ ಒಂದು ಸುತ್ತು ಬಾಕಿ ಇದೆ” ಅಂದೆ. “ನನ್ನದು.” ಎಲ್ಲರ ಎದುರಿಗೇ ಓಡಿದೆ. ಕುಳ್ಳಿ ಹಿಂದೆ ಹಿಂದೆ ಚಪ್ಪಾಳೆ ತಟ್ಟುತ್ತ ಬಂದಳು.

ಗೆದ್ದ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಸೀಟು ಅಂಗೈಗೆ ಬೀಳುವುದಿಲ್ಲ ಎಂದು ಬೇಸಿಗೆಯಲ್ಲಿ ತಿಳಿಯಿತು. ಯಶವಂತಪುರದ ಆ ಕಾಲೇಜಿನ ಕಾರಿಡಾರಿನಲ್ಲಿ ಬೇರೆ ಬೇರೆ ಆಟಗಳಲ್ಲಿ ಗೆದ್ದು ಅಂಥದೇ ಸರ್ಟಿಫಿಕೇಟ್ ಹಿಡಿದ ಹುಡುಗಿಯರು ಬೆಂಚು ತುಂಬ ಕೂತಿದ್ದರು, ಆಟದ ಸೀಟು ಉಳಿದಿದ್ದದ್ದು ಒಂದು. ತಾಯಿ ನನ್ನ ಕೈ ಹಿಡಿದುಕೊಂಡರು. “ಮಿಸ್, ಒಳಗೆ ನೀವೇ ಮಾತಾಡಿ. ಅವ್ಳಿಗೆ ಬಾಯಿಲ್ಲ.” ದಾರಿಯುದ್ದಕ್ಕೂ ನಾನೂ ಅದನ್ನೇ ಲೆಕ್ಕ ಹಾಕಿಕೊಂಡು ಬಂದಿದ್ದೆ, ಏನೇನು ಹೇಳಬೇಕು, ಹೇಗೆ ಹೇಳಬೇಕು ಎಂದು.

ಮೂವರೂ ಒಳಗೆ ಹೋದೆವು. ಪ್ರಿನ್ಸಿಪಾಲರು ಸರ್ಟಿಫಿಕೇಟ್ ನೋಡಿ ಪಕ್ಕಕ್ಕಿಟ್ಟರು. ಅವರ ಪಕ್ಕ ಕೂತಿದ್ದ ಕ್ರೀಡಾ ಮೇಷ್ಟ್ರು ಹುಡುಗಿಯನ್ನು ಕೇಳಿದರು, “ಇದು ಎಲ್ಲರ ಹತ್ರಾನೂ ಇದೆ ಕಣಮ್ಮ. ನೀನು ಕ್ಯಾಪ್ಟನ್ ಅಂತೆ. ಕ್ಯಾಪ್ಟನ್ ಆಗಿ ನೀನು ಮಾಡಿದ ಅತಿ ಕಷ್ಟದ ಕೆಲಸ ಯಾವುದು?”

ಅವಳು ಹಳೇ ರೂಢಿಯಂತೆ ನನ್ನ ಮುಖ ನೋಡಿದಳು. ನನ್ನ ಬಾಯಿ ಆಗಲೇ ತೆರೆದಿತ್ತು. ಕಷ್ಟಪಟ್ಟು ಮುಚ್ಚಿ, ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಕೋಣೆಯಲ್ಲಿ ಫ್ಯಾನಿನ ಕಿರ್‍ರೆನ್ನುವ ಸದ್ದು. 

“ನಮ್ ಮಿಸ್‌ಗೆ ಸುಮ್ನಿರಿ ಅಂದಿದ್ದು ಸಾರ್” ಅಂದಳು.

“ಅಯ್ಯೋ, ಇಂಗಾ ಅನ್ನೋದು?” ಎಂದು ತಾಯಿ ತಲೆ ಚಚ್ಚಿಕೊಂಡರು. ಕ್ರೀಡಾ ಮೇಷ್ಟ್ರು ನನ್ನ ಕಡೆ ತಿರುಗಿದರು.

“ನಿಜಾನಾ ಮೇಡಂ? ನೀವು ಸುಮ್ನಾದ್ರಾ?”

ನಾನು ಬಾಯಿ ಬಿಡಲಿಲ್ಲ. ತಲೆಯಾಡಿಸಿದೆ. ಅವರು ನಗುತ್ತ ಪೆನ್ನಿನ ಮುಚ್ಚಳ ತೆಗೆದು ಅವಳ ಹೆಸರು ಕೇಳಿದರು. ಅದನ್ನೂ ಅವಳೇ ಹೇಳಿದಳು.